ಸ್ಕಾಲರ್‌ಶಿಪ್ ಹುಡುಕುವ ಮೊದಲು ಕಾಲೇಜು ಹುಡುಕಿರಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಕಾಲೇಜು ಕಚೇರಿ ಅಧೀಕ್ಷಕರೊಬ್ಬರು ಪಾಲಕರಿಗೆ ನೀಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಯಲ್ಲಿ ಪ್ರತಿ ತಿಂಗಳು ಅನುಭಾವದ ಮಾತು ಆಗುತ್ತದೆ. ಈ ಸಲ ಅಜ್ಜಾವರು ನನ್ನನ್ನು ಕರೆಸಿ, “ಹತ್ತನೆಯ ತರಗತಿದು, ಪಿಯುಸಿದು ಫಲಿತಾಂಶ ಬಂದಾವ. ದಿನಾ ನಾಲ್ಕು ಮಂದಿ ತಂದೆ-ತಾಯಿ ಮಠಕ್ಕ ಬಂದು ಫೀ ಕಟ್ಟಾಕ ಸಹಾಯ ಮಾಡ್ರಿ ಅಂತಾರ. ಮಠ ಎಷ್ಟು ಮಂದಿಗೆ ಕೊಟ್ಟೀತು? ನೀವು ಅವರಿಗೆ ಹಾದಿ ತೋರಸ್ರಿ” ಎಂದರು. ನಾನು ವಿದ್ವಾಂಸನಲ್ಲ, ವಚನ ಬಿಡಿಸಿ ಹೇಳುವ ಶಕ್ತಿ ನನಗಿಲ್ಲ. ಮೂವತ್ತೊಂದು ವರ್ಷ ಒಂದು ಅನುದಾನಿತ ಕಾಲೇಜಿನ ಕಚೇರಿಯಲ್ಲಿ, ಆ ಸಣ್ಣ ಕಿಟಕಿಯ ಒಳಗಡೆ ಕುಳಿತು ಅರ್ಜಿ ತೆಗೆದುಕೊಂಡವನು. ಕಿಟಕಿಯ ಹೊರಗೆ ನಿಂತವರಿಗೆ ಕಾಣದ ಕೆಲವು ಸಂಗತಿ ಒಳಗೆ ಕುಳಿತವನಿಗೆ ಕಾಣುತ್ತವೆ. ಅವನ್ನಷ್ಟು ಹೇಳುತ್ತೇನೆ.

ಮೊದಲನೆಯದು ಇದು. ನಮ್ಮ ಜನ ಕಾಲೇಜು ಮೊದಲು ಸೇರಿಸುತ್ತಾರೆ, ಮೊದಲ ಕಂತು ಕಟ್ಟುತ್ತಾರೆ, ಎರಡನೆಯ ಕಂತಿಗೆ ಕೈ ಕಚ್ಚಿದಾಗ “ಯಾವುದಾದರೂ ಸ್ಕಾಲರ್‌ಶಿಪ್ ಇದೆಯೇ” ಎಂದು ಕೇಳುತ್ತಾ ಬರುತ್ತಾರೆ. ಇದು ತಿರುವುಮುರುವು. ವರ್ಷಕ್ಕೆ ಒಂದು ಲಕ್ಷ ಕೇಳುವ ಕಡೆ ಸೇರಿಸಿ ಹತ್ತು ಸಾವಿರದ ವೇತನ ಹುಡುಕುವುದಕ್ಕಿಂತ, ಹತ್ತು ಸಾವಿರದೊಳಗೆ ಮುಗಿಯುವ ಕಡೆ ಸೇರಿಸಿ ಯಾವ ವೇತನವೂ ಬಾರದೆ ಹೋದರೂ ನೀವು ಗೆದ್ದಿರಿ. ಆದ್ದರಿಂದ ಕಾಲೇಜಿನ ಮಾತನ್ನೇ ಮೊದಲು ಆಡುತ್ತೇನೆ.

ಒಂದೇ ಎಂಜಿನಿಯರಿಂಗ್ ಕಾಲೇಜು, ಒಂದೇ ತರಗತಿ, ಒಂದೇ ಬೆಂಚು. ಅದರ ಮೇಲೆ ಕುಳಿತ ಮೂವರ ಫೀ ಮೂರು ಥರ. ನಮ್ಮ ರಾಜ್ಯದ ಖಾಸಗಿ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ 45ರಷ್ಟು ಸೀಟು ಸಿಇಟಿ ಮೂಲಕ ಸರ್ಕಾರಿ ದರದಲ್ಲಿ ಹೋಗುತ್ತವೆ. ಶೇ 30 ಕಾಮೆಡ್-ಕೆ, ಉಳಿದ ಶೇ 25 ಆಡಳಿತ ಮಂಡಳಿ. ಸಿಇಟಿ ಬರೆದ ಮಗುವಿನ ತಂದೆ, ರ‍್ಯಾಂಕ್ ಪಟ್ಟಿ ಬರುವವರೆಗೂ ತಾಳದೆ, ಮಧ್ಯವರ್ತಿಯ ಮಾತು ಕೇಳಿ ಮ್ಯಾನೇಜ್‌ಮೆಂಟ್ ಸೀಟಿಗೆ ಮುಂಗಡ ಕೊಟ್ಟು ಕೂರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆಮೇಲೆ ಅದೇ ಮಗುವಿಗೆ ಸಿಇಟಿಯಲ್ಲಿ ಸೀಟು ಸಿಗುತ್ತದೆ. ಮುಂಗಡ ಮಾತ್ರ ತಿರುಗಿ ಬರುವುದಿಲ್ಲ.

ಸಿಇಟಿಯಲ್ಲೇ ಇನ್ನೊಂದು ಇದೆ, ಹೆಚ್ಚು ಮಂದಿ ಗಮನಿಸುವುದಿಲ್ಲ. ಸೂಪರ್‌ನ್ಯೂಮರರಿ ಎನ್ನುತ್ತಾರೆ, ಕಚೇರಿ ಭಾಷೆಯಲ್ಲಿ ಎಸ್‌ಎನ್‌ಕ್ಯು. ಮಂಜೂರಾದ ಸೀಟುಗಳ ಮೇಲೆ ಶೇ 5 ಹೆಚ್ಚುವರಿ ಸೀಟು. ಮನೆಯ ಆದಾಯ 8 ಲಕ್ಷದೊಳಗಿದ್ದು ರ‍್ಯಾಂಕ್ ಹೊಂದಿಬಂದರೆ ಬೋಧನಾ ಶುಲ್ಕವೇ ಇಲ್ಲ. ಉಳಿದ ಸಣ್ಣಪುಟ್ಟ ಶುಲ್ಕ ಕಟ್ಟಬೇಕಾಗುತ್ತದೆ. ಆದರೆ ಅರ್ಜಿ ತುಂಬುವಾಗ ಆದಾಯದ ವಿವರ ಹಾಕದವನಿಗೆ ಅದು ಬಾಗಿಲೇ ತೆರೆಯುವುದಿಲ್ಲ. “ನಮಗ್ಯಾಕ್ರಿ ಇನ್‌ಕಮ್ ಸರ್ಟಿಫಿಕೇಟ್, ನಾವೇನು ಭಿಕ್ಷೆ ಬೇಡಾಕ ಬಂದೇವೇನ್ರಿ” ಎಂದು ನನ್ನ ಮುಂದೆಯೇ ಒಬ್ಬ ಹಿರಿಯರು ಸಿಟ್ಟಾಗಿದ್ದರು. ಐದು ಎಕರೆ ಒಣಬೇಸಾಯದ ಮನೆ ಅವರದು. ಎರಡು ವರ್ಷದಲ್ಲಿ ಅದರಲ್ಲಿ ಒಂದೂವರೆ ಎಕರೆ ಹೋಯಿತು.

ಹಳ್ಳಿಯ ಮಕ್ಕಳಿಗೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5. ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ತಂದು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಾಡಿಸಬೇಕು. ಮೂರು ಊರಲ್ಲಿ ಓದಿದ್ದರೆ ಮೂರೂ ಶಾಲೆಗೆ ಅಡ್ಡಾಡಬೇಕು. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರು ಸಿಗುವುದಿಲ್ಲ. ಪರೀಕ್ಷೆಗೆ ಮೊದಲೇ, ಜನವರಿಯಲ್ಲೇ ಮಾಡಿಸಿ ಇಟ್ಟುಕೊಳ್ಳಿ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಬಂಧುಗಳೂ ಇಲ್ಲಿ ಇದ್ದೀರಿ. ನಿಮಗೆ 371(ಜೆ) ಇದೆ. ಆ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಬೇರೆಡೆ ಶೇ 8. ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಇಷ್ಟು ದೊಡ್ಡ ಅನುಕೂಲವನ್ನು ಒಂದು ಕಾಗದ ಇಲ್ಲವೆಂದು ಕಳೆದುಕೊಂಡವರನ್ನು ಕಂಡು ಹೊಟ್ಟೆ ಉರಿದಿದೆ.

ಎಂಜಿನಿಯರಿಂಗೇ ಆಗಬೇಕೆನ್ನುವವರು ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಹೆಸರನ್ನು ಆಯ್ಕೆ ಪಟ್ಟಿಯಲ್ಲಿ ತುಂಬುವುದೇ ಇಲ್ಲ. ಹಾವೇರಿ, ಹೂವಿನಹಡಗಲಿ, ಕಾರವಾರ, ರಾಯಚೂರಲ್ಲಿ ಇವೆ. “ಬೆಂಗಳೂರಾಗ ಇಲ್ರಿ” ಎಂಬುದೊಂದೇ ದೋಷ. ಹತ್ತನೆಯ ತರಗತಿ ಮುಗಿಸಿದ ಮಗುವಿಗೆ ಇನ್ನೊಂದು ಹಾದಿ ಸರ್ಕಾರಿ ಪಾಲಿಟೆಕ್ನಿಕ್. ಮೂರು ವರ್ಷದ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದರೆ ಬಿ.ಇ. ಎರಡನೆಯ ವರ್ಷಕ್ಕೆ ನೇರ ಪ್ರವೇಶ. ಪಿಯುಸಿಗೆ ಈಗ ‘ಇಂಟಿಗ್ರೇಟೆಡ್’ ಎಂಬ ಹೆಸರಲ್ಲಿ ಲಕ್ಷಗಟ್ಟಲೆ ಕಟ್ಟುತ್ತೀರಿ. ಆ ದುಡ್ಡು ಇಲ್ಲಿ ಉಳಿಯುತ್ತದೆ. ಡಿಪ್ಲೊಮಾ ಮುಗಿದಾಗ ಕೈಯಲ್ಲೊಂದು ನೌಕರಿಗೆ ಆಗುವ ಸರ್ಟಿಫಿಕೇಟೂ ಇರುತ್ತದೆ. ಒಕ್ಕಲುತನದ ಮನೆಯ ಮಕ್ಕಳಿಗೆ ಕೃಷಿ ಪದವಿ ಕೋರ್ಸುಗಳಲ್ಲಿ ಸೀಟಿನ ದೊಡ್ಡ ಪಾಲು ಮೀಸಲು. ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ. ಬೀಜ ಗುರುತಿಸುವುದು, ಗೊಬ್ಬರ ಗುರುತಿಸುವುದು. ನಮ್ಮ ಹುಡುಗರಿಗೆ ಅದು ಬರಬೇಕು. ಹೊಲಕ್ಕೆ ಹೋಗದವರಿಗೆ ಬರುವುದಿಲ್ಲ ಎಂಬುದು ಬೇರೆ ಮಾತು.

ಇನ್ನು ಬಿ.ಎ., ಬಿ.ಕಾಂ., ಬಿ.ಎಸ್ಸಿ. ತಾಲೂಕು ತಾಲೂಕಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹೆಣ್ಣುಮಕ್ಕಳಿಗೆ ಅಲ್ಲಿ ಬೋಧನಾ ಶುಲ್ಕ ಇಲ್ಲ. ಅಲ್ಲಿ ಎಲ್ಲವೂ ಚೆಂದ ಎಂದು ನಾನು ಹೇಳುವುದಿಲ್ಲ. ಕಾಯಂ ಅಧ್ಯಾಪಕರು ಕಡಿಮೆ, ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ವಿಭಾಗಗಳಿವೆ. ಆದ್ದರಿಂದ ಜಾಹೀರಾತು ನೋಡಬೇಡಿ, ಮಗುವನ್ನು ಕರೆದುಕೊಂಡು ಒಂದು ದಿನ ಹೋಗಿ. ಹೊರಗಡೆ ಚಹಾದಂಗಡಿಯಲ್ಲಿ ನಿಂತ ಹುಡುಗರನ್ನು ಕೇಳಿ: ಕ್ಲಾಸು ನಡೆಯುತ್ತವೆಯೇ, ಪ್ರಯೋಗಾಲಯ ತೆರೆಯುತ್ತದೆಯೇ, ಗ್ರಂಥಾಲಯ ಎಷ್ಟು ಗಂಟೆಯವರೆಗೆ? ಪ್ರಾಚಾರ್ಯರ ಕೋಣೆಯಲ್ಲಿ ಸಿಗದ ಸತ್ಯ ಅಲ್ಲಿ ಸಿಗುತ್ತದೆ.

ನಾನಿದ್ದ ಕಡೆಯ ಒಂದು ಗುಟ್ಟು ಹೇಳುತ್ತೇನೆ. ಅನುದಾನಿತ ಕಾಲೇಜು ಎಂದರೆ ಇಡೀ ಕಟ್ಟಡ ಅನುದಾನಿತ ಎಂದುಕೊಳ್ಳಬೇಡಿ. ಒಂದೇ ಸೂರಿನಡಿ ಬಿ.ಎ., ಬಿ.ಎಸ್ಸಿ. ಅನುದಾನದಲ್ಲಿ ನಡೆದರೆ, ಹೊಸದಾಗಿ ಬಂದ ಬಿಸಿಎ, ಬಿಬಿಎ ಅನುದಾನರಹಿತವಾಗಿ ನಡೆಯುತ್ತವೆ. ಒಂದರ ಫೀ ಕೈಗೆಟುಕುತ್ತದೆ, ಇನ್ನೊಂದರದು ಅದರ ಅನೇಕ ಪಟ್ಟು. ಕಿಟಕಿಯ ಮುಂದೆ ನಿಂತಾಗ “ಈ ಕೋರ್ಸು, ಈ ವಿಭಾಗ ಅನುದಾನಿತವೇ” ಎಂದು ಬಾಯಿಬಿಟ್ಟು ಕೇಳಬೇಕು. ಮೂವತ್ತೊಂದು ವರ್ಷದಲ್ಲಿ ಹಾಗೆ ಕೇಳಿದವರು ನನ್ನ ಬೆರಳಿಗೆ ಸಿಗುವಷ್ಟು ಮಂದಿ.

ಈಗ ಸ್ಕಾಲರ್‌ಶಿಪ್ಪಿಗೆ ಬರೋಣ. ಒಂದೊಂದಾಗಿ ಎಲ್ಲವನ್ನೂ ಹೇಳಿದರೆ ಪ್ರಸಾದದ ಹೊತ್ತು ಮೀರುತ್ತದೆ. ರಾಜ್ಯದ ಬಹುಪಾಲು ವಿದ್ಯಾರ್ಥಿವೇತನಗಳಿಗೆ ಈಗ ಎಸ್‌ಎಸ್‌ಪಿ ಎಂಬ ಒಂದೇ ತಾಣದಲ್ಲಿ ಅರ್ಜಿ. ಕೇಂದ್ರದ್ದಕ್ಕೆ ಎನ್‌ಎಸ್‌ಪಿ. ಎರಡರ ಹೆಸರೂ ಬರೆದಿಟ್ಟುಕೊಳ್ಳಿ. ಸರ್ಕಾರಿ ಇಲ್ಲವೆ ಅನುದಾನಿತ ಶಾಲೆಯಲ್ಲಿ ಎಂಟನೆಯ ತರಗತಿ ಓದುವ ಮಗು ಮನೆಯಲ್ಲಿದ್ದರೆ ಎನ್‌ಎಂಎಂಎಸ್ ಪರೀಕ್ಷೆ ಬರೆಸಿ. ಪಾಸಾದರೆ ಒಂಬತ್ತರಿಂದ ಪಿಯುಸಿ ಎರಡನೆಯ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಆದಾಯದ ಮಿತಿ 3.5 ಲಕ್ಷ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಗುರುಗಳು ಮರೆತರೆ ನೀವು ನೆನಪು ಮಾಡಿರಿ, ಅದರಲ್ಲಿ ಅವಮರ್ಯಾದೆ ಏನೂ ಇಲ್ಲ.

ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆದವರಿಗೆ ಕೇಂದ್ರ ವಲಯದ ವೇತನವಿದೆ. ಆದಾಯ 4.5 ಲಕ್ಷದೊಳಗಿರಬೇಕು, ಪದವಿಯ ಮೂರು ವರ್ಷ ತಲಾ 12,000, ಸ್ನಾತಕೋತ್ತರಕ್ಕೆ 20,000. ತಾಂತ್ರಿಕ ಡಿಪ್ಲೊಮಾ, ಬಿ.ಇ. ಓದುವ ಹೆಣ್ಣುಮಕ್ಕಳಿಗೆ ಪ್ರಗತಿ ಎಂಬ ಯೋಜನೆ, ವರ್ಷಕ್ಕೆ 50,000, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಹತ್ತನೆಯದನ್ನೂ ಪಿಯುಸಿಯನ್ನೂ ಸರ್ಕಾರಿ ಸಂಸ್ಥೆಯಲ್ಲೇ ಮುಗಿಸಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ಕೊಡುತ್ತದೆ. ಇದನ್ನು ಕೇಳಿದ ತಾಯಂದಿರು ಒಂದು ಮಾತು ಗಮನಿಸಿ. ಸರ್ಕಾರಿ ಶಾಲೆಯಿಂದ ಬಿಡಿಸಿ, ಕೈ ಸಾಲ ಮಾಡಿ ಕಾನ್ವೆಂಟಿಗೆ ಹಾಕಿದ ಮಗಳಿಗೆ ಈ ವೇತನ ಬರುವುದಿಲ್ಲ.

ರೈತರ ಮಕ್ಕಳಿಗಾಗಿ 2021ರಲ್ಲಿ ರೈತ ವಿದ್ಯಾನಿಧಿ ಬಂತು. ಆಗ ನಿಗದಿಯಾದದ್ದು ಪಿಯುಸಿ, ಐಟಿಐ, ಡಿಪ್ಲೊಮಾದ ಹುಡುಗರಿಗೆ 2,500, ಹುಡುಗಿಯರಿಗೆ 3,000. ವೈದ್ಯಕೀಯ, ಎಂಜಿನಿಯರಿಂಗಿಗೆ 10,000 ಮತ್ತು 11,000. ಯೋಜನೆಗಳು ಸರ್ಕಾರದಿಂದ ಸರ್ಕಾರಕ್ಕೆ ಬದಲಾಗುತ್ತವೆ, ಮೊತ್ತವೂ ಮಿತಿಯೂ ಬದಲಾಗುತ್ತವೆ. ಹೋದ ವರ್ಷ ಪಕ್ಕದ ಮನೆಯ ಹುಡುಗನಿಗೆ ಬಂತು ಎಂಬ ಮಾತಿನ ಮೇಲೆ ಈ ವರ್ಷದ ಲೆಕ್ಕ ಹಾಕಬೇಡಿ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ-ವಸತಿಗೆ ವಿದ್ಯಾಸಿರಿ ಇದೆ. ಶುರುವಾದಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು. ನಾವು, ಲಿಂಗಾಯತರು, ರಾಜ್ಯದ ಪಟ್ಟಿಯಲ್ಲಿ 3ಬಿ ಪ್ರವರ್ಗ. “ನಾವು ಮುಂದುವರಿದವರು, ನಮಗೇನೂ ಸಿಗುವುದಿಲ್ಲ” ಎನ್ನುವುದು ತಪ್ಪು ತಿಳಿವಳಿಕೆ. ಆದಾಯದ ಮಿತಿಯೊಳಗೆ ಇರುವವರಿಗೆ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ಲೂ ಉಂಟು, ಶುಲ್ಕ ಮರುಪಾವತಿಯೂ ಉಂಟು. 2020ರಲ್ಲಿ ಆದ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಿಂದ ವೃತ್ತಿ ಶಿಕ್ಷಣಕ್ಕೆ ಶೇ 2ರ ಬಡ್ಡಿಯಲ್ಲಿ ಸಾಲವೂ ಇದೆ. ಸಾಲ ಸಾಲವೇ, ತೀರಿಸಬೇಕು. ಆದರೆ ಊರ ಸಾಹುಕಾರನ ಕಡೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ತರುವವನು ಮೊದಲು ಇದನ್ನು ವಿಚಾರಿಸಲಿ.

ಅರ್ಜಿ ಹಾಕಿದರೂ ದುಡ್ಡು ಬರಲಿಲ್ಲ ಎನ್ನುವವರ ಅರ್ಜಿ ತೆಗೆದು ನೋಡಿದರೆ ಹತ್ತರಲ್ಲಿ ಏಳೆಂಟರ ಕಾರಣ ಹೆಸರು. ಅಂಕಪಟ್ಟಿಯಲ್ಲಿ ತಂದೆ ‘ಬಸಪ್ಪ’, ಆಧಾರದಲ್ಲಿ ‘ಬಸವರಾಜ’, ಉತಾರದಲ್ಲಿ ‘ಬಸವಣ್ಣೆಪ್ಪ’. ನಮಗೆ ಮೂವರೂ ಒಬ್ಬರೇ. ಕಂಪ್ಯೂಟರಿಗೆ ಮೂರು ಮಂದಿ. ಎಂಟನೆಯ ತರಗತಿಯಲ್ಲೇ ಇದನ್ನು ಸರಿಮಾಡಿಸಿ, ಹತ್ತನೆಯ ಅಂಕಪಟ್ಟಿ ಬಂದ ಮೇಲೆ ತಿದ್ದುಪಡಿ ಬಹಳ ತ್ರಾಸು. ಎರಡನೆಯ ಕಾರಣ ಬ್ಯಾಂಕ್ ಖಾತೆ. ದುಡ್ಡು ಮಗುವಿನ ಆಧಾರಕ್ಕೆ ಜೋಡಣೆಯಾದ ಖಾತೆಗೇ ಹೋಗುತ್ತದೆ, ನೀವು ತೋರಿಸಿದ ಪಾಸ್‌ಬುಕ್ಕಿಗೆ ಅಲ್ಲ. ಬ್ಯಾಂಕಿಗೆ ಹೋಗಿ “ಆಧಾರ್ ಲಿಂಕ್ ಆಗಿದೆಯೇ” ಎಂದು ಕೇಳಿದರೆ ಸಾಲದು; “ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೇ” ಎಂದು ಕೇಳಿ. ಮೂರನೆಯದು ಜಾತಿ-ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಸಿಗುತ್ತದೆ, ಐದು ವರ್ಷ ನಡೆಯುತ್ತದೆ, ಅದರ ಮೇಲಿನ ಆರ್‌ಡಿ ನಂಬರೇ ಅರ್ಜಿಯ ಜೀವ. ಐದು ವರ್ಷ ಮುಗಿದದ್ದು ಗೊತ್ತಾಗುವುದು ಸಾಮಾನ್ಯವಾಗಿ ಕೊನೆಯ ದಿನದ ಸಂಜೆ.

ಕೊನೆಯ ದಿನ ಎಂದೆನಲ್ಲ, ಅಲ್ಲೇ ನನ್ನದೊಂದು ತಪ್ಪು ಹೇಳಿಕೊಳ್ಳಬೇಕು. ಅಜ್ಜಾವರ ಮುಂದೆ ಹೇಳಿದರೆ ಹಗುರಾದೀತು ಎಂದಲ್ಲ. ನಿಮಗೆ ಉಪಯೋಗವಾದೀತು ಎಂದು.

ಕಂಪ್ಯೂಟರ್ ಬರುವುದಕ್ಕೆ ಮೊದಲಿನ ಮಾತು. ಎಲ್ಲವೂ ಕಾಗದದ ಅರ್ಜಿ. ಒಂದು ಸಂತೆಯ ದಿನ, ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಒಬ್ಬ ರೈತರು ಮಗಳ ಶುಲ್ಕ ವಿನಾಯಿತಿ ಅರ್ಜಿ ಹಿಡಿದು ಬಂದರು. ಹುಡುಗಿ ಬಿ.ಎಸ್ಸಿ. ಎರಡನೆಯ ವರ್ಷ. ಆದಾಯ ಪ್ರಮಾಣಪತ್ರ ಹಚ್ಚಿರಲಿಲ್ಲ. ನನಗೆ ಅಂದು ಬಹಳ ಕೆಲಸ. “ಇದು ಪೂರ್ತಿ ಇಲ್ಲ, ಸೋಮವಾರ ತಗೊಂಡ ಬರ‍್ರಿ” ಎಂದು ಹಿಂದಕ್ಕೆ ಕೊಟ್ಟೆ. ಶನಿವಾರ ಕೊನೆಯ ದಿನ ಎಂಬುದು ನನಗೆ ಗೊತ್ತಿತ್ತು. ಹೇಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಬಾಯಿಗೆ ಬರಲಿಲ್ಲ, ಅಷ್ಟೇ. ಸೋಮವಾರ ಅವರು ಪ್ರಮಾಣಪತ್ರ ಹಿಡಿದು ಬಂದರು. ಪಟ್ಟಿ ಹೋಗಿಬಿಟ್ಟಿತ್ತು. ಅವರು ಜಗಳ ಮಾಡಲಿಲ್ಲ. “ಹಂಗಾದ್ರ ಆತ ಬಿಡ್ರಿ ಸಾಹೇಬ್ರ” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರು. ಮರುವರ್ಷದ ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರು ಇರಲಿಲ್ಲ.

ಬಹಳ ವರ್ಷ ಕಳೆದು, ನಾನು ನಿವೃತ್ತನಾದ ಮೇಲೆ, ಇದೇ ಮಠದ ಜಾತ್ರೆಯಲ್ಲಿ ಒಬ್ಬ ಹೆಣ್ಣುಮಗಳು ಬಂದು ಮಾತನಾಡಿಸಿದಳು. ಗಂಡನ ಊರಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಮಗಳು ಜೊತೆಗಿದ್ದಳು, ಹತ್ತನೆಯ ತರಗತಿ. ಹಳೆಯ ಮಾತು ತೆಗೆಯಲಿಲ್ಲ. “ಇಕಿನ್ನ ಮುಂದ ಓದಸಬೇಕರಿ. ಈ ಸಲ ತಾರೀಖು ಮೊದಲ ಹೇಳ್ರಿ ಸಾಹೇಬ್ರ” ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಆ ಮಗಳು ಈಗ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಎರಡನೆಯ ವರ್ಷ. ಅವಳ ಎಲ್ಲ ಅರ್ಜಿಗಳನ್ನೂ ನಾನೇ ಕುಳಿತು ತುಂಬಿಸಿದ್ದೇನೆ. ಅದರಿಂದ ತಾಯಿಯ ಬಿ.ಎಸ್ಸಿ. ತಿರುಗಿ ಬರುವುದಿಲ್ಲ.

ಈ ನಾಡಿನಲ್ಲಿ ಬಡ ಮಕ್ಕಳು ವಾರಾನ್ನ ಉಂಡು ಓದಿದ ಕಾಲವಿತ್ತು. ಅದನ್ನು ಕಂಡೇ ನಮ್ಮ ಮಠಗಳು ಪ್ರಸಾದ ನಿಲಯ ತೆರೆದವು. ಧಾರವಾಡದ ಮುರುಘಾಮಠದಲ್ಲಿ ಉಂಡು ಓದಿದವರು ಇಲ್ಲಿಯ ಹಿರಿಯರ ಸಾಲಿನಲ್ಲೂ ಇದ್ದಾರೆ. ಸಿದ್ಧಗಂಗೆಯಲ್ಲಿ, 111 ವರ್ಷ ಬಾಳಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟರು. ಯಾವ ಜಾತಿಯ ಮಗುವೆಂದು ನೋಡಲಿಲ್ಲ. ಸಿರಸಂಗಿ ಲಿಂಗರಾಜ ದೇಸಾಯರು 1904ರಲ್ಲಿ ಧಾರವಾಡದಲ್ಲಿ ನಡೆದ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರು. 1906ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಬಡ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟಿದ್ದರು. ಆ ನಿಧಿಯಿಂದ ವಿದ್ಯಾರ್ಥಿವೇತನ ಪಡೆದವರ ಮನೆಗಳು ಇವತ್ತಿಗೂ ಅವರನ್ನು ತ್ಯಾಗವೀರ ಎಂದೇ ಕರೆಯುತ್ತವೆ. ಅಂಥವರ ಜೋಳಿಗೆಯಿಂದ, ಮುಷ್ಟಿ ಅಕ್ಕಿಯಿಂದ ಎದ್ದ ಸಮಾಜ ನಮ್ಮದು. ಇಂದು ನಮ್ಮ ಸಮಾಜದವರೇ ನಡೆಸುವ ಕೆಲವು ಸಂಸ್ಥೆಗಳ ಬಾಗಿಲಲ್ಲಿ ಡೊನೇಶನ್ ಕೇಳುತ್ತಾರೆ. ವೇದಿಕೆಯಲ್ಲಿ ಬಸವಣ್ಣನವರ ಭಾವಚಿತ್ರ, ಕಚೇರಿಯಲ್ಲಿ ರಸೀದಿ ಇಲ್ಲದ ಲೆಕ್ಕ. ಈ ಮಾತು ಕೆಲವರಿಗೆ ಕಹಿಯಾದೀತು. ಅಂಥ ಸಂಸ್ಥೆಯ ಮಂಡಳಿಯಲ್ಲಿ ಇರುವವರು ಈ ಪತ್ರಿಕೆಯನ್ನು ಓದುತ್ತಾರೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಪ್ರತಿ ತರಗತಿಯಲ್ಲಿ ಐದು ಸೀಟನ್ನಾದರೂ ಸಂಸ್ಥಾಪಕರ ಹೆಸರಲ್ಲಿ ಪುಕ್ಕಟೆ ಇಡಲಿ.

ಮದುವೆಗೆ ಏಳೆಂಟು ಲಕ್ಷ ಹಾಕುವ ಮನೆಯಲ್ಲಿ ಮಗಳ ಓದಿಗೆ ದುಡ್ಡಿಲ್ಲ ಎನ್ನುವುದನ್ನೂ ಕೇಳಿದ್ದೇನೆ. ಅದರ ಬಗ್ಗೆ ಇದೇ ಗೋಷ್ಠಿಯಲ್ಲಿ ಬಹಳ ಸಲ ಮಾತಾಗಿದೆ, ಮತ್ತೆ ಎತ್ತುವುದಿಲ್ಲ.

ಅಜ್ಜಾವರ ಅಪ್ಪಣೆಯಾಗಿದೆ. ಬರುವ ಭಾನುವಾರದಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದ ಪ್ರಸಾದದವರೆಗೆ ಮಠದ ಪಡಸಾಲೆಯಲ್ಲಿ ನಾನೂ, ಇಬ್ಬರು ಕಾಲೇಜು ಹುಡುಗರೂ ಕಂಪ್ಯೂಟರ್ ಇಟ್ಟುಕೊಂಡು ಕುಳಿತಿರುತ್ತೇವೆ. ಯಾರ ಮಗುವಾದರೂ ಬರಬಹುದು. ಜಾತಿ ಕೇಳುತ್ತೇವೆ, ಅದು ಯಾವ ಇಲಾಖೆಗೆ ಅರ್ಜಿ ಹಾಕಬೇಕೆಂದು ತಿಳಿಯಲು ಮಾತ್ರ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಆದಾಯ 2.5 ಲಕ್ಷದೊಳಗಿದ್ದರೆ ಮೆಟ್ರಿಕ್ ನಂತರದ ವೇತನ ನಮ್ಮ ಮಕ್ಕಳದಕ್ಕಿಂತ ದೊಡ್ಡದಿದೆ, ನಿಮ್ಮ ಓಣಿಯ ಆಚೆಯ ಕೇರಿಯಲ್ಲೂ ಈ ಸುದ್ದಿ ಮುಟ್ಟಿಸಿ. ಬರುವಾಗ ಮಗುವಿನ ಆಧಾರ, ತಂದೆ-ತಾಯಿಯ ಆಧಾರ, ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಹೊಲವಿದ್ದರೆ ಉತಾರ ತನ್ನಿ. ಒಟಿಪಿ ಬರುತ್ತದೆ, ಆದ್ದರಿಂದ ಆಧಾರಕ್ಕೆ ಕೊಟ್ಟ ನಂಬರಿನ ಮೊಬೈಲ್ ಮನೆಯಲ್ಲಿ ಬಿಟ್ಟು ಬರಬೇಡಿ. ಕಾಗದ ಒಂದೆರಡು ಕಡಿಮೆ ಇದ್ದರೂ ಬನ್ನಿ. ಯಾವುದು ಬೇಕು, ಎಲ್ಲಿ ಸಿಗುತ್ತದೆ, ಕೊನೆಯ ದಿನ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದು ಕೊಡುತ್ತೇವೆ. ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.